ಎರಡು ಡಬ್ಬಿಯ ವಾರ

ನನ್ನ ಮೈದುನನಿಗೆ ನಮ್ಮ ಬೀದಿಯಲ್ಲಿ ಪರ್ಸೆಂಟು ಎಂದೇ ಹೆಸರು. ಹಾಲಿನವನು ಇನ್ನೂ ಬಂದಿಲ್ಲವಲ್ಲ ಎಂದರೆ "ಅರವತ್ತು ಪರ್ಸೆಂಟ್ ಬರ್ತಾನೆ ಅತ್ತಿಗೆ" ಎನ್ನುವವನು. ಎದ್ದು ಹೋಗಿ ಹಾಲು ತರುವುದು ಮಾತ್ರ ಸೊನ್ನೆ ಪರ್ಸೆಂಟ್. ಮನೆಯ ಮುಂದಿನ ಕೋಣೆಯನ್ನು ಹಿಡಿದುಕೊಂಡು, ಗೋಡೆಗೆ ನೀಲಿ ಬೆಡ್‌ಶೀಟು ಕಟ್ಟಿ, ನಾನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ, ದಿನಾ ಸಂಜೆ ಎಂಟಕ್ಕೆ ಭವಿಷ್ಯ ಹೇಳುತ್ತಾನೆ. ಗ್ರಹಗತಿಯ ಭವಿಷ್ಯವಲ್ಲ. ಯಾವ ಮಂತ್ರಿ ಯಾವ ವಾರ ರಾಜೀನಾಮೆ ಕೊಡುತ್ತಾನೆ, ಯಾವ ತೀರ್ಪು ಎಂದು ಬರುತ್ತದೆ, ಇಂಥವು. ನಲವತ್ತು ಸಾವಿರ ಜನ ನೋಡುತ್ತಾರಂತೆ. ಆ ಹೊತ್ತಿಗೆ ನನ್ನ ಮಗಳು ಅಡುಗೆಮನೆಯ ನೆಲದಲ್ಲಿ ಕೂತು ಲೆಕ್ಕ ಮಾಡಬೇಕು, ಕುಕ್ಕರ್ ಕೂಗಬಾರದು.

ನಾನು ಕೆಲಸ ಮಾಡುವುದು ದಾಖಲೆ ಇಲಾಖೆಯ ಮಸಿ ವಿಭಾಗದಲ್ಲಿ. ಕಾಗದದ ಮೇಲೆ ಅದಕ್ಕೆ ಬೇರೆ ಉದ್ದನೆಯ ಹೆಸರಿದೆ. ಬಾಯಲ್ಲಿ ಮಸಿ ವಿಭಾಗ. ಹಳೆಯ ಮೊಕದ್ದಮೆಗಳ ಕಡತಗಳನ್ನು ಜನರಿಗೆ ಬಿಡುವ ಮೊದಲು, ಯಾರ ಹೆಸರು ಕಾಣಬಾರದೋ ಅದರ ಮೇಲೆ ಕಪ್ಪು ಬಳಿಯುವುದು ನನ್ನ ಕೆಲಸ. ಬಳಿದ ಹಾಳೆಯನ್ನು ಜೆರಾಕ್ಸ್ ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಹಾಗೆ ನೋಡುವವರು ನಿವೃತ್ತಿಗೆ ನಾಲ್ಕು ತಿಂಗಳಿರುವ ಹಿರಿಯರೊಬ್ಬರು, ನಮಗೆಲ್ಲ ದೊಡ್ಡಣ್ಣ. "ಇಣುಕ್ತಾ ಇದೆಯಮ್ಮ, ಇನ್ನೊಂದು ಕೈ ಬಳಿ" ಎಂದು ಹಾಳೆಯನ್ನು ಹಿಂದಕ್ಕೆ ತಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು ಕಲಿತದ್ದು ಒಂದೇ: ಓದುವವರ ಕಣ್ಣು ಅಕ್ಷರದ ಮೇಲೆ ನಿಲ್ಲುವುದಿಲ್ಲ, ಕಪ್ಪಿನ ಮೇಲೆ ನಿಲ್ಲುತ್ತದೆ.

ಈ ಸಲ ನಮ್ಮ ಮೇಜಿನ ಮೇಲಿದ್ದುದು ಅತಿಥಿಗೃಹದ ಪ್ರಕರಣ. ಆರು ವರ್ಷದ ಹಿಂದೆ ದೊಡ್ಡ ಗುತ್ತಿಗೆದಾರನೊಬ್ಬನ ಅತಿಥಿಗೃಹದಲ್ಲಿ ನರ್ಸ್ ಹುಡುಗಿಯೊಬ್ಬಳ ಕೊಲೆಯಾಗಿತ್ತು. ಗುತ್ತಿಗೆದಾರ ಜೈಲಿಗೆ ಹೋದ. ಅವತ್ತು ಅಲ್ಲಿ ಇನ್ನೂ ಯಾರ್‍ಯಾರು ಇದ್ದರು ಎಂಬುದು ಮಾತ್ರ ಒಂಬತ್ತು ಸಾವಿರ ಪುಟಗಳೊಳಗೇ ಉಳಿಯಿತು. ಆ ಪುಟಗಳನ್ನು ಬಿಡುಗಡೆ ಮಾಡುತ್ತೇವೆಂದು ಸರ್ಕಾರ ಒಪ್ಪಿತ್ತು. ಯಾವ ದಿನ ಎಂದು ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಪಟ್ಟಿಯಲ್ಲಿರುವ ದೊಡ್ಡವರ ವಕೀಲರು ಹಿಂದಿನ ದಿನವೇ ಕೋರ್ಟಿಗೆ ಓಡಿ ತಡೆ ತರುತ್ತಾರೆ. ಸಾಕ್ಷಿ ಹೇಳಿದ ಹುಡುಗಿಯರ ಹೆಸರಿಗೆ ಕಪ್ಪು, ದೊಡ್ಡವರ ಹೆಸರಿಗೆ ಕಪ್ಪಿಲ್ಲ ಎಂದು ನಮಗೆ ಆದೇಶವಿತ್ತು. ಹೊರಗೆ ಅದೇ ಒಂದು ಆಟವಾಗಿತ್ತು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಶಾಲೆಯ ಗೇಟಿನಲ್ಲಿ, ಯಾವಾಗ ಬಿಡ್ತಾರೆ, ಯಾರ ಹೆಸರಿರುತ್ತೆ. ಸತ್ತವಳ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು.

ಬಿಡುಗಡೆಗೆ ಮುಂಚೆ ಕೊನೆಯ ಕೆಲಸ ನಡೆಯುವ ಮೂರು ದಿನಗಳನ್ನು ನಾವು ಬಾಗಿಲು ದಿನ ಎನ್ನುತ್ತೇವೆ; ಅವು ಮುಗಿದು ಒಂದು ದಿನ ಬಿಟ್ಟು ಬಿಡುಗಡೆ. ಬೆಳಿಗ್ಗೆ ಒಂಬತ್ತಕ್ಕೆ ಮೊಬೈಲು ಕೊಟ್ಟು ಒಳಗೆ ಹೋದರೆ ರಾತ್ರಿ ಎಂಟರವರೆಗೆ ಬಾಗಿಲು ತೆಗೆಯುವುದಿಲ್ಲ. ಹೊರಗಿನಿಂದ ಊಟ ತರಿಸುವಂತಿಲ್ಲ. ಹಾಗಾಗಿ ಮಧ್ಯಾಹ್ನಕ್ಕೊಂದು, ಸಂಜೆಗೊಂದು, ಎರಡು ಡಬ್ಬಿ ಒಯ್ಯಬೇಕು. ಆ ವಾರ ಸೋಮವಾರದಿಂದ ನಾನು ಎರಡು ಡಬ್ಬಿ ಕಟ್ಟಿದೆ.

ಬುಧವಾರ ಮನೆಗೆ ಬಂದಾಗ ಒಂಬತ್ತಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು, ಮುಖ ಅರಳಿತ್ತು. "ಹೇಳೇಬಿಟ್ಟ ಕಣೇ ನನ್ನ ಮಗ! ಶುಕ್ರವಾರ ಬಿಡ್ತಾರಂತೆ. ನಿನ್ನ ಆಫೀಸಿನವರಿಗಿಂತ ಮುಂಚೆ ನಮ್ಮನೇಲಿ ಗೊತ್ತಾಯ್ತು ನೋಡು."

ಚೀಲವನ್ನು ಬಾಗಿಲಲ್ಲೇ ಇಳಿಸಿದೆ. ಶುಕ್ರವಾರವೇ ಬಿಡುವುದಿತ್ತು.

ಮುಂದಿನ ಕೋಣೆಯಿಂದ ಪರ್ಸೆಂಟು ಬಂದ. "ಎಂಬತ್ತೈದು ಪರ್ಸೆಂಟ್ ಅಂದೆ ಅತ್ತಿಗೆ. ಮೂಲ ಒಳಗಿನದು, ಆ ಕೋಣೆಯ ನಾಲ್ಕು ಗೋಡೆ ಒಳಗಿನದು ಅಂತಾನೂ ಹೇಳಿದೆ. ಜನ ಹುಚ್ಚೆದ್ದು ಹೋದ್ರು."

"ಯಾವ ಮೂಲ?"

"ಅದನ್ನ ಹೇಳಕ್ಕಾಗುತ್ತಾ?" ಎಂದು ಹಲ್ಲು ಬಿಟ್ಟ.

ಗುರುವಾರ ವಕೀಲರು ಕೋರ್ಟಿಗೆ ಓಡಿದರು. ಸಂಜೆಯೊಳಗೆ ಹದಿನೈದು ದಿನದ ತಡೆ ಬಂತು. ಶುಕ್ರವಾರ ಒಂದು ಹಾಳೆಯೂ ಹೊರಗೆ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಉಪನಿರ್ದೇಶಕಿ ನನ್ನನ್ನು ಕರೆಸಿದರು. ಅವರದು ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯ ನೀಲಿ ಬೆಡ್‌ಶೀಟು ಕಾಣುತ್ತಿತ್ತು.

"ಇವನು ನಿಮಗೇನಾಗಬೇಕು?"

"ಮೈದುನ ಮೇಡಂ."

"ಒಂದೇ ಮನೆ?"

"ಹೌದು ಮೇಡಂ. ನಾನು ಅವನ ಹತ್ತಿರ ಒಂದು ಮಾತೂ ಆಡಿಲ್ಲ. ಆಫೀಸಿನ ವಿಷಯ ನನ್ನ ಗಂಡನ ಹತ್ತಿರವೂ ಆಡಲ್ಲ."

"ಹಾಗಾದ್ರೆ ಗೋಡೆ ಹೇಳ್ತಾ?" ಅವರು ಲ್ಯಾಪ್‌ಟಾಪು ಮುಚ್ಚಿದರು. "ನೋಡಿ, ಇದು ಬರೀ ಮೆಮೊ ಕೊಟ್ಟು ಬಿಡೋ ವಿಷಯ ಅಲ್ಲ. ಸಾಬೀತಾದ್ರೆ ಕೆಲಸ ಹೋಗುತ್ತೆ, ಮೇಲೆ ಪೊಲೀಸ್ ಕೇಸು. ಮೂರು ವಾರ ಟೈಮಿದೆ. ನೀವಲ್ಲ ಅಂದ್ರೆ ಯಾರು ಅಂತ ತೋರಿಸಿ. ಅಲ್ಲೀವರೆಗೆ ಕೆಳಗಡೆ ಟಪಾಲು ಕೌಂಟರಲ್ಲಿ ಕೂತ್ಕೊಳಿ."

ದೊಡ್ಡಣ್ಣ ಮೆಟ್ಟಿಲವರೆಗೆ ಬಂದರು. "ನಿನ್ನ ಕೈ ನನಗೆ ಗೊತ್ತು ತಾಯಿ. ಬಾಯಿನೂ ಗೊತ್ತು" ಎಂದರು. ಆದರೆ ಮೇಡಮ್ಮಿನ ಕೋಣೆಯೊಳಗೆ ಬಂದು ಹೇಳಲಿಲ್ಲ. ನಾಲ್ಕು ತಿಂಗಳಿದೆಯಲ್ಲ.

ಉತ್ತರ ಸಿಕ್ಕಿದ್ದು ಅವತ್ತೇ ಸಂಜೆ, ಮಗಳಿಂದ. ಅವಳ ಜಡೆ ಬಿಚ್ಚುತ್ತಿದ್ದೆ. "ಅಮ್ಮ, ಚಿಕ್ಕಪ್ಪ ನಿನ್ನ ಡಬ್ಬಿ ಎಣಿಸ್ತಾರೆ, ಗೊತ್ತಾ?" ಎಂದಳು.

"ಏನು ಎಣಿಸ್ತಾನೆ?"

"ಡಬ್ಬಿ. ಒಂದು ಪುಸ್ತಕದಲ್ಲಿ ಬರ್ಕೋತಾರೆ. ದಿನಾಂಕ ಹಾಕಿ, ಅ.ಡ. ಎರಡು, ಅ.ಡ. ಒಂದು ಅಂತ. ಅತ್ತಿಗೆ ಡಬ್ಬಿ ಅಂತೆ. ನಾನು ಕೇಳಿದ್ದಕ್ಕೆ ಇದು ರಿಸರ್ಚು, ಹೋಗೆ ಅಂದ್ರು."

ನಾನು ಎದ್ದು ಹೋಗಿ ಮುಂದಿನ ಕೋಣೆಯ ಬಾಗಿಲು ನೂಕಿದೆ. ಅವನು ನಾಚಿಕೊಳ್ಳಲಿಲ್ಲ. ಪುಸ್ತಕವನ್ನು ತಾನೇ ತೆಗೆದು ತೋರಿಸಿದ. ಎರಡು ವರ್ಷದ ಲೆಕ್ಕವಿತ್ತು. ಹಿಂದಿನ ಐದು ಬಿಡುಗಡೆಗಳಿಗೆ ಮುಂಚೆಯೂ ಮೂರು ಮೂರು ದಿನ ಎರಡು ಡಬ್ಬಿ, ನಾಲ್ಕನೆಯ ದಿನ ಒಂದು, ಐದನೆಯ ದಿನ ಬಿಡುಗಡೆ. ಈ ಸಲ ಮೂರನೆಯ ದಿನವೇ ಧೈರ್ಯ ಮಾಡಿದ್ದನಂತೆ.

"ಒಪ್ಕೊಳಿ ಅತ್ತಿಗೆ, ತಲೆ ಅಂದ್ರೆ ಇದು. ನೀವು ಬಾಯಿ ಬಿಡಲ್ಲ ಅಂತ ಗೊತ್ತು, ಅದಕ್ಕೇ ಡಬ್ಬಿ ಬಾಯಿ ಬಿಡಿಸಿದೆ."

"ಈ ಪುಸ್ತಕ ತಗೊಂಡು ನಾಳೆ ನನ್ನ ಜೊತೆ ಬಾ. ಮೇಡಂ ಮುಂದೆ ಇದನ್ನೇ ಹೇಳು. ನನ್ನ ಕೆಲಸ ಹೋಗುತ್ತೆ ಕಣೋ. ಪೊಲೀಸ್ ಕೇಸಂತೆ."

ಅವನ ಮುಖದ ನಗು ಹೋಯಿತು. ಪುಸ್ತಕವನ್ನು ಮಡಚಿ ಷರ್ಟಿನೊಳಗೆ ಸೇರಿಸಿಕೊಂಡ. "ಅದಾಗಲ್ಲ. ಒಳಗಿನ ಮೂಲ ಅಂತ ನಲವತ್ತು ಸಾವಿರ ಜನಕ್ಕೆ ಹೇಳಿದೀನಿ. ಈಗ ಹೋಗಿ ನಮ್ಮತ್ತಿಗೆ ಊಟದ ಡಬ್ಬಿ ನೋಡಿ ಹೇಳ್ದೆ ಅಂದ್ರೆ ಮುಖದ ಮೇಲೆ ಉಗೀತಾರೆ. ಮೊದ್ಲೇ ಶುಕ್ರವಾರ ಬಿಡಲಿಲ್ಲ ಅಂತ ಬಾಯಿಗೆ ಬಂದಂಗೆ ಬೈತಾವ್ರೆ."

"ಬಿಡಲಿಲ್ಲ ಅಂದ್ರೆ ನಿನ್ನಿಂದಾನೇ ಬಿಡಲಿಲ್ಲ! ನೀನು ಬೊಗಳಿದ್ದಕ್ಕೇ ತಡೆ ಬಂದಿದ್ದು!"

"ಏ, ನಾಲಿಗೆ ಮೇಲೆ ನಿಗಾ ಇರ್ಲಿ" ಎಂದು ಅತ್ತೆ ಒಳಗಿನಿಂದ ಕೂಗಿದರು. "ಹುಡುಗ ಈಗ ತಾನೇ ನಾಲ್ಕು ಜನರ ಕಣ್ಣಿಗೆ ಬೀಳ್ತಾ ಇದಾನೆ. ನಿನ್ನ ಆಫೀಸಿನಲ್ಲಿ ನೀನು ಸರಿಯಾಗಿದ್ರೆ ಅವರ್‍ಯಾಕೆ ನಿನ್ನ ಕರೀತಿದ್ರು?"

ನನ್ನ ಗಂಡ ದೂರದೂರಿನ ಬಸ್ಸು ಓಡಿಸುತ್ತಾರೆ, ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ. ಫೋನು ಮಾಡಿದರೆ ಹಿಂದೆ ಬಸ್ಟ್ಯಾಂಡಿನ ಗದ್ದಲ. "ಸ್ವಲ್ಪ ಹೊಂದ್ಕೊಂಡು ಹೋಗು. ನಾನು ಬಂದ ಮೇಲೆ ಅವನ ಹತ್ರ ಮಾತಾಡ್ತೀನಿ" ಎಂದರು. ಮದುವೆಯಾದಾಗಿನಿಂದ ಅವರು ಬಂದ ಮೇಲೆ ಮಾತಾಡುವ ವಿಷಯಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ದಾಖಲೆ ಕೋಣೆ ಸಾಲದು.

ಮರುದಿನ ಮೇಡಂ ಎದುರು ಡಬ್ಬಿಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಪುಸ್ತಕ ಎಲ್ಲಿ?"

"ಅವನು ಕೊಡಲ್ಲ ಮೇಡಂ."

"ನೋಡಿದವರು?"

"ನಾನು. ನನ್ನ ಮಗಳು."

"ಮಗಳು." ಅವರು ಪೆನ್ನಿನ ಮುಚ್ಚಳ ಹಾಕಿದರು. "ಟಿಫಿನ್ ಡಬ್ಬಿ ಸರ್ಕಾರದ ಗುಟ್ಟು ಹೇಳ್ತು ಅಂತ ನಾನು ಮೇಲಕ್ಕೆ ಬರೆದ್ರೆ, ಮೊದಲು ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಹೋಗಿ."

ಟಪಾಲು ಕೌಂಟರು ಕೆಳಗಿನ ಅಂತಸ್ತಿನಲ್ಲಿದೆ. ಜನ ತಂದ ಅರ್ಜಿಗಳನ್ನು ತೆಗೆದುಕೊಂಡು, ಮುದ್ರೆ ಒತ್ತಿ, ದಿನಾಂಕ ಮತ್ತು ಸಮಯ ಬರೆದು, ವಹಿಯಲ್ಲಿ ನಂಬರು ಕೂರಿಸಬೇಕು. ನನ್ನ ಪಕ್ಕದಲ್ಲಿ ಮುದ್ರೆ ಒತ್ತುವವನು ಒಬ್ಬ, ದಿನವಿಡೀ ಧಪ್ ಧಪ್ ಅನ್ನಿಸುತ್ತ ಕೂತಿರುತ್ತಾನೆ. ಎಂಟು ದಿನ ಆ ಸದ್ದು ಕೇಳಿದೆ. ಒಂಬತ್ತನೆಯ ದಿನ ನನಗೆ ಹೊಳೆಯಿತು. ಒಮ್ಮೆ ಒತ್ತಿದ ಹೊತ್ತನ್ನು ಯಾರೂ ಹಿಂದಕ್ಕೆ ತಳ್ಳಲಾರರು. ಪರ್ಸೆಂಟು ನನ್ನ ದಿನಗಳನ್ನು ಊಹಿಸಬಹುದಾದರೆ ನಾನು ಅವನ ದಿನಗಳನ್ನು ಊಹಿಸಬಾರದೇಕೆ? ಹದಿನೈದು ದಿನದ ತಡೆಯೂ ಆ ವಾರಕ್ಕೆ ಮುಗಿಯುತ್ತಿತ್ತು.

ಒಂದು ಹಾಳೆಯಲ್ಲಿ ಹೀಗೆ ಬರೆದೆ: "ನಾನು ಸದ್ಯ ಮಸಿ ವಿಭಾಗದಲ್ಲಿಲ್ಲ. ಅಲ್ಲಿ ಏನು ನಡೆಯುತ್ತಿದೆಯೆಂದು ನನಗೆ ತಿಳಿಯದು. ಬರುವ ಸೋಮವಾರದಿಂದ ಮೂರು ದಿನ ನಾನು ಮನೆಯಿಂದ ಎರಡು ಡಬ್ಬಿ ತರುತ್ತೇನೆ. ಬುಧವಾರ ಸಂಜೆ ನನ್ನ ಮೈದುನ ಶುಕ್ರವಾರ ದಾಖಲೆ ಬಿಡುಗಡೆಯೆಂದು ಸಾರುತ್ತಾನೆ. ಸಾರದಿದ್ದರೆ ನಾನು ತಪ್ಪಿತಸ್ಥೆಯೆಂದೇ ತಿಳಿಯಬಹುದು." ಲಕೋಟೆಗೆ ಅಂಟು ಹಚ್ಚಿ, ಗುರುವಾರ ಬೆಳಿಗ್ಗೆ ತೆರೆಯಬೇಕು ಎಂದು ಮೇಲೆ ಬರೆದು, ಉಪನಿರ್ದೇಶಕಿಯವರ ಹೆಸರಿಗೆ ಕೌಂಟರಿನ ಹೊರಗಡೆ ನಿಂತು ಕೊಟ್ಟೆ.

ಮುದ್ರೆಯವನು ನಕ್ಕ. "ಒಳಗಿದ್ದವರು ಹೊರಗೆ ನಿಂತು ಅರ್ಜಿ ಕೊಡ್ತೀರಲ್ಲ!"

"ಒತ್ತು ಮಾರಾಯ" ಎಂದೆ.

ಈಗ ಡಬ್ಬಿ. ನನ್ನನ್ನು ಕೌಂಟರಿಗೆ ಹಾಕಿದ್ದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅವನು ಎಣಿಸುವುದು ನನಗೆ ಗೊತ್ತೆಂದು ಅವನಿಗೆ ಗೊತ್ತು. ರಾಜಾರೋಷವಾಗಿ ಎರಡು ಡಬ್ಬಿ ಮೇಜಿನ ಮೇಲಿಟ್ಟರೆ ಅವನು ನಂಬುವುದಿಲ್ಲ. ಕಪ್ಪು ಬಳಿಯಬೇಕು. ಸೋಮವಾರ ಬೆಳಿಗ್ಗೆ ಒಂದು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ತುಂಬಿದೆ. ಇನ್ನೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಚೀಲದ ತಳಕ್ಕಿಳಿಸಿ, ಮೇಲೆ ಕೊಡೆ, ಅದರ ಮೇಲೆ ಮಗಳ ಹಳೆಯ ಸ್ವೆಟರು ತುರುಕಿ, ಚೀಲವನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ನಲ್ಲಿ ತಿರುಗಿಸಿ, ನೀರು ಬಕೆಟ್ಟಿಗೆ ಬೀಳಲು ಬಿಟ್ಟು, ಬಚ್ಚಲ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಮುಂದಿನ ಕೋಣೆಯ ಚಿಲಕ ಸರಿಯಿತು. ಸ್ವಲ್ಪ ಹೊತ್ತಿಗೆ ಸ್ಟೀಲಿಗೆ ಸ್ಟೀಲು ತಗುಲಿದ ಸದ್ದು ಬಂತು.

ಹೊರಗೆ ಬಂದಾಗ ಅವನು ಪೇಪರು ಹಿಡಿದು ಕೂತಿದ್ದ, ತಲೆಕೆಳಗಾಗಿ ಹಿಡಿದಿರಲಿಲ್ಲ ಅಷ್ಟೇ.

"ಏನತ್ತಿಗೆ, ಇವತ್ತು ಒಂದೇ ಡಬ್ಬಿನಾ?"

"ಕಣ್ಣಿಲ್ವಾ ನಿಂಗೆ?"

"ಅಲ್ಲ, ಕೇಳ್ದೆ."

ಮಂಗಳವಾರ, ಬುಧವಾರವೂ ಅದೇ ನಡೆಯಿತು. ಸೋಮವಾರ, ಮಂಗಳವಾರ ಸಂಜೆ ಬಸ್ಟ್ಯಾಂಡಿನಲ್ಲಿ ಹೊತ್ತು ಕಳೆದು, ಬಾಗಿಲು ದಿನದ ಹಾಗೆ ಒಂಬತ್ತಕ್ಕೇ ಮನೆ ಸೇರಿದೆ. ಆಫೀಸಿನ ಕೌಂಟರಿನಲ್ಲಿ ಕೂತು ಎರಡನೆಯ ಡಬ್ಬಿಯನ್ನು ಮುದ್ರೆಯವನಿಗೆ ಕೊಟ್ಟೆ. "ದಿನಾ ಹಿಂಗೇ ಅರ್ಜಿ ಕೊಡ್ತಿರಿ" ಎಂದು ಚಪ್ಪರಿಸಿ ತಿಂದ.

ಬುಧವಾರ ಸಂಜೆ ಎಂಟಕ್ಕೆ ಅವನು ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಹಿತ್ತಲಿಂದ ಒಳಗೆ ಬಂದು, ಕುಕ್ಕರಿನ ಕೆಳಗಿನ ಉರಿ ಆರಿಸಿ, ಗೋಡೆಯ ಈಚೆ ನಿಂತು ಕೇಳಿದೆ. ಪರ್ಸೆಂಟಿನ ದನಿ ಎಂದಿಗಿಂತ ಮೇಲಿತ್ತು. "ಹೋದ ಸಲ ನನ್ನ ಲೆಕ್ಕ ತಪ್ಪಿರಲಿಲ್ಲ ವೀಕ್ಷಕರೇ, ಸರ್ಕಾರ ಹೆದರಿತ್ತು. ಈ ಸಲ ಬಚ್ಚಿಡೋ ಪ್ರಯತ್ನ ಎಷ್ಟು ನಡೆದಿದೆ ಅಂದ್ರೆ, ಅದೇ ನನಗೆ ಸಾಕ್ಷಿ. ಶುಕ್ರವಾರ. ಬರೆದಿಟ್ಕೊಳಿ, ತೊಂಬತ್ತೆಂಟು ಪರ್ಸೆಂಟ್!"

ಅತ್ತೆ ಚಪ್ಪಾಳೆ ತಟ್ಟಿದರು. ನಾನು ಉರಿ ಹೊತ್ತಿಸಿ ಕುಕ್ಕರು ಮತ್ತೆ ಏರಿಸಿದೆ. ಅದು ಕೂಗಿತು. ಕೂಗಲಿ ಎಂದು ಬಿಟ್ಟೆ.

ಗುರುವಾರ ಹನ್ನೊಂದಕ್ಕೆ ಮೇಡಂ ಕರೆಸಿದರು. ಲಕೋಟೆ ಒಡೆದಿತ್ತು. ಮುದ್ರೆಯ ದಿನಾಂಕವನ್ನು ಎರಡು ಸಲ ನೋಡಿದರು, ಆಮೇಲೆ ನನ್ನನ್ನು. ಮೊದಲ ಸಲ ಅವರು ನಕ್ಕದ್ದು ಕಂಡೆ. ನೋಡಲು ಹಿತವಾದ ನಗುವಲ್ಲ.

"ವಕೀಲರು ಬೆಳಿಗ್ಗೆ ಮತ್ತೆ ಕೋರ್ಟಿಗೆ ಓಡಿದ್ರು. ಬಿಡುಗಡೆ ಆದೇಶ ಎಲ್ಲಿ ಅಂತ ನ್ಯಾಯಾಧೀಶರು ಕೇಳಿದ್ರಂತೆ, ಮೊಬೈಲು ತೋರಿಸಿದ್ರಂತೆ. ಚೆನ್ನಾಗಿ ಮಂಗಳಾರತಿ ಆಯ್ತು. ಇನ್ನು ಇಂಥ ಗಾಳಿಸುದ್ದಿಗೆಲ್ಲ ಬರಬೇಡಿ, ಖಚಿತ ದಿನಾಂಕ ಇದ್ರೆ ಮಾತ್ರ ಬನ್ನಿ ಅಂದ್ರಂತೆ." ಅವರು ಮುಂದಕ್ಕೆ ಬಾಗಿದರು. "ನಿಮ್ಮ ಮೇಲಿನ ವಿಚಾರಣೆ ಮುಗೀತು. ನಿಮ್ಮ ಮೈದುನನಿಗೆ ನೋಟಿಸು ಹೋಗುತ್ತೆ. ಸೋಮವಾರ ಮಸಿ ವಿಭಾಗಕ್ಕೆ ವಾಪಸ್ ಬನ್ನಿ, ಬಾಗಿಲು ದಿನ ಶುರು. ಇನ್ಮೇಲೆ ಡಬ್ಬಿ ಬೇಡ, ಊಟ ನಾವೇ ಕೊಡ್ತೀವಿ. ಈ ಸಲ ಒಂದು ದಿನ ಮುಂಚೆ, ಗುರುವಾರವೇ ಬಿಡುಗಡೆ. ಇದು ನಾನು, ನೀವು, ದೊಡ್ಡಣ್ಣ, ಮೂರೇ ಜನಕ್ಕೆ ಗೊತ್ತಿರೋದು. ಈ ಸಲ ಏನಾದ್ರೂ ಆಚೆ ಹೋದ್ರೆ ಲಕೋಟೆ ಗಿಕೋಟೆ ಯಾವುದೂ ಕಾಯಲ್ಲ ನಿಮ್ಮನ್ನ."

ನೋಟಿಸು ಅವತ್ತು ಸಂಜೆಯೇ ಮನೆ ಮುಟ್ಟಿತು. ಪರ್ಸೆಂಟು ಅದನ್ನು ಹಿಡಿದು ಅಡುಗೆಮನೆಗೆ ಬಂದ. ತುಟಿ ಬಿಳುಚಿತ್ತು.

"ನೀವು ಬೇಕು ಅಂತಾನೇ ಇಟ್ರಿ. ಆ ಸ್ವೆಟರು, ಕೊಡೆ."

"ಹೌದು."

"ನನ್ನ ಜೀವನಾನೇ ಮುಗಿಸಿದ್ರಲ್ಲ ಅತ್ತಿಗೆ! ನಾಳೆ ಎಂಟಕ್ಕೆ ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?"

"ನನ್ನ ಕೆಲಸ ಹೋಗೋವಾಗ ನಿನ್ನ ಮುಖ ಎಲ್ಲಿತ್ತೋ ಅದನ್ನೇ ಇಟ್ಕೊ."

ಅತ್ತೆ ನಡುವೆ ಬಂದರು. "ಮನೆ ಮಗನಿಗೆ ಬಲೆ ಹಾಕೋ ಹೆಂಗಸು ಮಾಡಿದ್ದನ್ನ ನಾನು ತಿನ್ನಲ್ಲ" ಎಂದು ಚಿಕ್ಕ ಒಲೆಯನ್ನೂ ಎರಡು ಪಾತ್ರೆಯನ್ನೂ ಎತ್ತಿಕೊಂಡು ಮುಂದಿನ ಕೋಣೆಗೆ ಹೋದರು. ಹೋಗಲಿ ಎಂದುಕೊಂಡೆ. ಮಗಳನ್ನು ನೆಲದಿಂದ ಎಬ್ಬಿಸಿ ಮೇಜಿನ ಮೇಲೆ ಪುಸ್ತಕ ಇಟ್ಟುಕೊಟ್ಟೆ. ಮೂರು ವಾರದ ಮೇಲೆ ಅವತ್ತು ಹೊಟ್ಟೆತುಂಬ ಉಂಡೆ.

ಶುಕ್ರವಾರ ಕೌಂಟರಿನಲ್ಲಿ ನನ್ನ ಕೊನೆಯ ದಿನ. ಹತ್ತಕ್ಕೆಲ್ಲ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಚಾನೆಲು ನೋಡಿ ಬಂದವರು, ಕುತೂಹಲಕ್ಕೆ ಬಂದವರು, ಕ್ಯಾಮೆರಾದವರು. "ಇವತ್ತೇನಿಲ್ಲ, ಹೋಗಿ" ಎಂದು ಮುದ್ರೆಯವನು ಸಾಗಹಾಕುತ್ತಿದ್ದ. ಆ ಗುಂಪಿನ ನಡುವಿನಿಂದ ಒಬ್ಬ ಹೆಂಗಸು ನನ್ನ ಕಿಂಡಿಯ ಮುಂದೆ ಬಂದು ನಿಂತಳು. ಐವತ್ತೈದರ ಸುಮಾರು. ಚಪ್ಪಲಿಯ ತುಂಬ ಧೂಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಗುರುತಿನ ಚೀಟಿ, ಒಂದು ಮರಣಪತ್ರ.

"ನನ್ನ ಮಗಳ ಕಾಗದ ಇವತ್ತು ಕೊಡ್ತಾರಂತಲ್ಲ. ನಾನು ಅವಳ ತಾಯಿ."

ಕವರಿನ ಮೂಲಕ ಹೆಸರು ಓದಿದೆ. ಒಂಬತ್ತು ಸಾವಿರ ಪುಟದಲ್ಲಿ ಸಾವಿರ ಸಲ ಓದಿದ ಹೆಸರು.

"ಇವತ್ತು ಕೊಡಲ್ಲಮ್ಮ" ಎಂದೆ.

"ಯಾಕೆ? ಮೊಬೈಲಲ್ಲಿ ಒಬ್ಬ ಹೇಳಿದ್ನಲ್ಲ, ಪಕ್ಕದ್ಮನೆ ಹುಡುಗಿ ತೋರಿಸಿದ್ಲು. ತೊಂಬತ್ತೆಂಟು ಅಂದ. ನೂರಕ್ಕೆ ಎರಡೇ ಅಲ್ವಾ ಕಮ್ಮಿ? ನಿನ್ನೆ ಸಂಜೆ ಹೊರಟೋಳು ನಾನು. ಎರಡು ಬಸ್ಸು ಬದಲಾಯಿಸಿದೀನಿ."

"ಅವನು ಹೇಳಿದ್ದು ಸುಳ್ಳು."

"ನಿಮಗೆ ಹೇಗೆ ಗೊತ್ತು?"

ಆ ಸುಳ್ಳನ್ನು ಟವೆಲಿನಲ್ಲಿ ಸುತ್ತಿ, ಸ್ವೆಟರು ಮುಚ್ಚಿ, ಅವನ ಬಾಯಿಗೆ ಇಟ್ಟವಳು ನಾನು. ಅದನ್ನು ಕೇಳಿ ಕುಕ್ಕರು ಕೂಗಿಸಿದವಳು ನಾನು. ವಕೀಲರು ಓಡುತ್ತಾರೆ, ಮೈದುನ ಸಾರುತ್ತಾನೆ ಎಂದೆಲ್ಲ ಊಹಿಸಿದ್ದೆ. ಇವಳು ಬಸ್ಸು ಹತ್ತುತ್ತಾಳೆಂದು ಊಹಿಸಿರಲಿಲ್ಲ.

"ಹೇಳಿ, ಹೇಗೆ ಗೊತ್ತು?" ಅವಳ ದನಿ ಗಟ್ಟಿಯಾಯಿತು. "ಆರು ವರ್ಷದಿಂದ ಈ ಕಿಂಡಿಗಳನ್ನೇ ನೋಡ್ತಾ ಇದೀನಿ. ನಾಳೆ ಬನ್ನಿ, ಸಾಹೇಬರಿಲ್ಲ, ಊಟಕ್ಕೆ ಹೋಗಿದಾರೆ. ಒಳಗೆ ಕೂತು ಎಲ್ಲಾ ತಿಳ್ಕೊಂಡಿರ್ತೀರಿ, ಒಂದು ಮಾತು ಹೇಳಲ್ಲ. ನಿಮಗೂ ಮಕ್ಕಳಿಲ್ವಾ?"

"ಗುರುವಾರ" ಎಂದೆ. "ಮುಂದಿನ ಗುರುವಾರ ಬನ್ನಿ. ಆವತ್ತು ಕೊಡ್ತಾರೆ."

ಮುದ್ರೆಯ ಸದ್ದು ನಿಂತಿತು.

ಅವಳು ನನ್ನನ್ನೇ ನೋಡಿದಳು. ಆಮೇಲೆ ಮೂಗಿನಿಂದ ಉಸಿರು ಬಿಟ್ಟು ನಕ್ಕಳು. "ಅದೇ. ಅದೇ ಮಾತು. ಹೋದ ವರ್ಷ ಇದೇ ಕಿಂಡಿಯಲ್ಲಿ ಮುಂದಿನ ಸೋಮವಾರ ಅಂದಿದ್ರು. ಅವನು ಪರ್ಸೆಂಟಾದ್ರೂ ಹೇಳಿದ. ನಾನೆಲ್ಲೂ ಹೋಗಲ್ಲ, ಐದು ಗಂಟೆವರೆಗೆ ಇಲ್ಲೇ ಕೂತಿರ್ತೀನಿ." ಗೋಡೆಯ ಬದಿಯ ಬೆಂಚಿನ ಮೇಲೆ ಕೂತು, ಕವರನ್ನು ತೊಡೆಯ ಮೇಲಿಟ್ಟು, ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದುಕೊಂಡಳು.

ಅವಳು ನಂಬಲಿಲ್ಲ. ಆದರೆ ಅವಳ ಹಿಂದೆ ನಿಂತವನು ನಂಬಿದ್ದ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಂಕುಳಲ್ಲಿ ವಕೀಲರ ಕಚೇರಿಯ ಫೈಲು. ಕಿಂಡಿಗೆ ಬಾಗಿ, ಎಲ್ಲರಿಗೂ ಕೇಳುವಂತೆ, "ಗುರುವಾರ ಅಂದ್ರಲ್ವಾ ಮೇಡಂ?" ಎಂದ. ಅವನಿಗೆ ಉತ್ತರ ಬೇಕಿರಲಿಲ್ಲ. ಸಾಲು ಬಿಟ್ಟು, ಮೊಬೈಲು ಕಿವಿಗಿಟ್ಟುಕೊಂಡು ಬಾಗಿಲ ಕಡೆ ಆಗಲೇ ಹೊರಟಿದ್ದ. "ಸರ್, ಖಚಿತ ದಿನಾಂಕ ಸಿಕ್ತು" ಎನ್ನುವುದು ನನ್ನವರೆಗೂ ಕೇಳಿಸಿತು.